ಪುಟ್ಟ ಎದ್ದ ಮೇಲೆ ಡಿಸ್ನಿ ವರ್ಲ್ಡ್

ಅಮೆರಿಕದಲ್ಲಿರುವ ನಮ್ಮವರ ನಡುವೆ ಫ್ಲಾರಿಡಾದ ಡಿಸ್ನಿ ವರ್ಲ್ಡ್ ಮಾತು ಬಂದರೆ ಮೊದಲು ಕೇಳುವ ಸಲಹೆ ಒಂದೇ: ಗೇಟು ತೆರೆಯುವ ಮುಂಚೆ ಹೋಗಿ ನಿಲ್ಲಿ, ರಾತ್ರಿ ಬಾಣಬಿರುಸು ಮುಗಿಯುವ ತನಕ ಕದಲಬೇಡಿ, ಕೊಟ್ಟ ದುಡ್ಡು ಗಿಟ್ಟಬೇಕಲ್ಲ. ದೊಡ್ಡ ಮಕ್ಕಳಿದ್ದವರಿಗೆ ಅದು ಸರಿ. ನಮ್ಮ ಮಗಳಿಗೆ ನಾಲ್ಕೂವರೆ, ಪುಟ್ಟನಿಗೆ ಎರಡು. ಅರಸೀಕೆರೆಯಿಂದ ಅಪ್ಪ ಅಮ್ಮ ಬಂದಿದ್ದರು. ಅಮ್ಮನಿಗೆ ಮಂಡಿನೋವು. ಇಂಥ ತಂಡ ಕಟ್ಟಿಕೊಂಡು ಓಡಾಡಿದರೆ ಯಾರಿಗೂ ಸುಖವಿಲ್ಲ. ಹಾಗಾಗಿ ಟಿಕೆಟ್ ತೆಗೆಯುವ ಮೊದಲೇ ಮನೆಯಲ್ಲಿ ಮಾತಾಡಿಕೊಂಡೆವು. ಪುಟ್ಟ ತಾನಾಗಿ ಎದ್ದು, ಹಾಲು ಕುಡಿದ ಮೇಲೇ ಹೊರಡುವುದು. ಬೆಳಿಗ್ಗೆ ಪಾರ್ಕಿಗೆ ಹೋದರೆ ಮಧ್ಯಾಹ್ನ ಮನೆ, ಸಂಜೆ ಹೋಗುವುದಾದರೆ ಬೆಳಿಗ್ಗೆಯೆಲ್ಲ ಮನೆ. ಮಕ್ಕಳು ಬೇಡ ಅಂದದ್ದು ಬೇಡ.

ಮೇ ಮೊದಲ ವಾರ ಆರಿಸಿಕೊಂಡದ್ದಕ್ಕೂ ಕಾರಣವಿದೆ. ವಸಂತದ ರಜೆ ಮುಗಿದಿರುತ್ತದೆ, ಬೇಸಿಗೆ ರಜೆ ಇನ್ನೂ ಶುರುವಾಗಿರುವುದಿಲ್ಲ. ಸಾಲುಗಳು ಚಿಕ್ಕವು. ಬಿಸಿಲು ಇರುತ್ತದೆ, ಆದರೆ ಜುಲೈನ ಹಾಗೆ ಸುಡುವುದಿಲ್ಲ. ಮಕ್ಕಳು ಶಾಲೆಗೆ ಸೇರುವ ಮುಂಚೆ ಮಾತ್ರ ಸಿಗುವ ಅನುಕೂಲ ಇದು.

ಶನಿವಾರ

ನಾವಿರುವ ಅಟ್ಲಾಂಟಾದಿಂದ ಡಿಸ್ನಿ ವರ್ಲ್ಡ್ ಹತ್ತಿರದ ಕಿಸಿಮಿ ಊರಿಗೆ ಏಳುನೂರು ಕಿ.ಮೀ.ಗೂ ಮೇಲೆ. ಐ-75 ಹೆದ್ದಾರಿ ಹಿಡಿದು ನೇರ ದಕ್ಷಿಣಕ್ಕೆ ಇಳಿದರೆ ಏಳು ಗಂಟೆಯ ದಾರಿ, ಮಕ್ಕಳಿದ್ದರೆ ಅದಕ್ಕೆ ಇನ್ನೊಂದು ಮೂರು ಸೇರಿಸಿಕೊಳ್ಳಬೇಕು. ಜಾರ್ಜಿಯಾ ದಾಟಿ ಫ್ಲಾರಿಡಾಕ್ಕೆ ಕಾಲಿಟ್ಟ ಕೂಡಲೇ ಹೆದ್ದಾರಿ ಪಕ್ಕ ರಾಜ್ಯದವರ ಸ್ವಾಗತ ಕೇಂದ್ರ ಇದೆ. ಬಂದವರಿಗೆಲ್ಲ ಚಿಕ್ಕ ಲೋಟದಲ್ಲಿ ಕಿತ್ತಳೆ ರಸ ಕೊಡುತ್ತಾರೆ, ಪುಕ್ಕಟೆ. ಅಮ್ಮನಿಗೆ ಈ ಪದ್ಧತಿ ಬಹಳ ಹಿಡಿಸಿತು. "ಗಡೀಲೇ ಕೂರಿಸಿ ಪಾನಕ ಕೊಡ್ತಾರಲ್ಲ, ಒಳ್ಳೆ ಜನ" ಅಂದಳು.

ಹೋಟೆಲ್ ಬದಲು ಕಿಸಿಮಿಯಲ್ಲಿ ಅಡುಗೆಮನೆ, ಹಿತ್ತಲಲ್ಲಿ ಈಜುಕೊಳ ಇರುವ ಮನೆಯನ್ನೇ ಬಾಡಿಗೆಗೆ ಹಿಡಿದಿದ್ದೆವು. ಪಾರ್ಕುಗಳಿಗೆ ಇಪ್ಪತ್ತು ನಿಮಿಷ. ಈ ಕಡೆ ಇಂಥ ಮನೆಗಳು ಬೇಕಾದಷ್ಟಿವೆ, ಅಜ್ಜಿ ತಾತ ಜೊತೆಗಿದ್ದರೆ ಇದೇ ಸರಿ. ಕೊಳದ ಕಡೆಯ ಬಾಗಿಲು ತೆಗೆದರೆ ಅಲಾರಂ ಕೂಗುತ್ತದೆಯೇ ಎಂದು ನಮ್ಮ ಯಜಮಾನರು ಮೊದಲು ಪರೀಕ್ಷೆ ಮಾಡಿದರು. ಎರಡು ವರ್ಷದ ಮಗು ಇರುವವರು ಮನೆ ಹಿಡಿಯುವಾಗ ಇದನ್ನು ಕೇಳಿಯೇ ತಿಳಿದುಕೊಳ್ಳಬೇಕು. ಅಮ್ಮ ಬಂದ ಅರ್ಧ ಗಂಟೆಯಲ್ಲಿ ಅನ್ನ, ತಿಳಿಸಾರು ಮಾಡಿ ಹಪ್ಪಳ ಸುಟ್ಟಳು. ಎಲ್ಲರೂ ಒಂಬತ್ತಕ್ಕೆ ಮಲಗಿದೆವು.

ಭಾನುವಾರ

ಎಲ್ಲೂ ಹೋಗಲಿಲ್ಲ. ಈಜು, ದಿನಸಿ ಅಂಗಡಿ, ನಿದ್ದೆ.

ಸೋಮವಾರ

ಪುಟ್ಟ ಎದ್ದದ್ದು ಏಳೂವರೆಗೆ. ಡಿಸ್ನಿ ವರ್ಲ್ಡಿನ ನಾಲ್ಕು ಪಾರ್ಕುಗಳಲ್ಲೊಂದಾದ ಮ್ಯಾಜಿಕ್ ಕಿಂಗ್ಡಮ್ ಕಡೆ ಹೊರಟಾಗ ಒಂಬತ್ತೂಕಾಲು. ಮೂರು ವರ್ಷದ ಒಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ, ಮೂರರಿಂದ ಒಂಬತ್ತರವರಿಗೆ ಮಕ್ಕಳ ದರ, ಹತ್ತಾದರೆ ದೊಡ್ಡವರ ಲೆಕ್ಕ. ಪುಟ್ಟನದು ಬಿಟ್ಟಿ.

ಇಲ್ಲಿ ಕಾರು ನಿಲ್ಲಿಸಿದರೆ ಪಾರ್ಕು ಎದುರಿಗಿಲ್ಲ. ನಡುವೆ ಒಂದು ದೊಡ್ಡ ಕೆರೆ. ಮಾನೊರೈಲಿನಲ್ಲೋ ದೋಣಿಯಲ್ಲೋ ಆಚೆ ದಡ ಸೇರಬೇಕು. ನಾವು ದೋಣಿ ಹತ್ತಿದೆವು. ದೋಣಿಯೆಂದರೆ ನೂರಾರು ಜನ ಹಿಡಿಸುವ ಎರಡು ಅಂತಸ್ತಿನ ಹಡಗು. ನೀರಿನ ಆಚೆ ಕೋಟೆಯ ಗೋಪುರಗಳು ಮೊದಲು ಬೆರಳುದ್ದ ಕಾಣುತ್ತವೆ, ಹತ್ತಿರವಾದಷ್ಟೂ ಏಳುತ್ತವೆ. ಮಗಳು ಕಂಬಿ ಹಿಡಿದು ಒಂದು ಮಾತೂ ಆಡದೆ ನೋಡಿದಳು. ನನ್ನ ಪ್ರಕಾರ ಆ ದಿನದ ಮೊದಲ ಆಟ ಈ ದೋಣಿಯೇ.

ಈ ಕೆರೆ ತೋಡಿದ್ದು. ಜೌಗು ನೆಲವಾದ್ದರಿಂದ ಇಲ್ಲಿ ನೆಲಮಾಳಿಗೆ ಅಗೆದರೆ ನೀರು ನುಗ್ಗುತ್ತದೆ. ಅದಕ್ಕೆ ಕೆಲಸಗಾರರು ಓಡಾಡುವ ಸುರಂಗಗಳನ್ನು ನೆಲದ ಮಟ್ಟದಲ್ಲೇ ಕಟ್ಟಿ, ಕೆರೆ ತೋಡಿದ ಮಣ್ಣನ್ನು ಸುತ್ತ ತುಂಬಿ, ಅದರ ಮೇಲೆ ಪಾರ್ಕು ಎಬ್ಬಿಸಿದರು. ನಾವು ಬೀದಿ ಅಂದುಕೊಂಡು ನಡೆಯುವುದು ನಿಜವಾಗಿ ಮೇಲಂತಸ್ತು. ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡಿನಲ್ಲಿ ಕೌಬಾಯ್ ವೇಷದವನೊಬ್ಬ ಭವಿಷ್ಯದ ಲೋಕದ ನಡುವೆ ಹಾದುಹೋದದ್ದು ವಾಲ್ಟ್ ಡಿಸ್ನಿಗೆ ಸರಿಬರಲಿಲ್ಲವಂತೆ. ವೇಷ ತೊಟ್ಟವರು ತಮ್ಮ ಲೋಕದ ಹೊರಗೆ ಮಕ್ಕಳ ಕಣ್ಣಿಗೆ ಬೀಳಬಾರದು ಎಂಬುದು ಆ ಸುರಂಗಗಳ ಉದ್ದೇಶ. ವಾಲ್ಟ್ ಇದನ್ನು ನೋಡಲು ಉಳಿಯಲಿಲ್ಲ, 1966ರ ಡಿಸೆಂಬರಿನಲ್ಲಿ ತೀರಿಕೊಂಡರು. ನಿವೃತ್ತಿ ಮುಂದೂಡಿ ಕೆಲಸ ಹೊತ್ತ ಅಣ್ಣ ರಾಯ್ 1971ರ ಅಕ್ಟೋಬರ್ 1ಕ್ಕೆ ಬಾಗಿಲು ತೆರೆಸಿದರು. ಅದೇ ಡಿಸೆಂಬರಿನಲ್ಲಿ ಅವರೂ ಹೋದರು. ತಮ್ಮನ ಕನಸಿಗಾಗಿ ಅಣ್ಣ ಮಾಡಿದ ಈ ಕೆಲಸ ನೆನೆದರೆ ನನಗೆ ಗಂಟಲು ಕಟ್ಟುತ್ತದೆ.

ಗೇಟು ದಾಟಿದರೆ ಎದುರಿಗೇ ರೈಲು ನಿಲ್ದಾಣ. ನಮ್ಮ ಬೆಳಗಿನ ಬಹುಪಾಲು ಅಲ್ಲೇ ಹೋಯಿತು. ಅಪ್ಪ ರೈಲ್ವೆಯಲ್ಲಿ ಗಾರ್ಡ್ ಆಗಿದ್ದವರು, ಕೆಲಸಕ್ಕೆ ಸೇರಿದ್ದೇ ಮೀಟರ್‌ಗೇಜ್ ಹಬೆ ಎಂಜಿನ್ನುಗಳ ಕಾಲದಲ್ಲಿ. ಪಾರ್ಕಿನ ರೈಲು ಅಂದಾಗ ಕಬ್ಬನ್ ಪಾರ್ಕಿನ ಮಕ್ಕಳ ರೈಲು ಅಂದುಕೊಂಡಿದ್ದರು. ಕೂಗು ಕೇಳಿದ ಕೂಡಲೇ ಮುಖ ಬದಲಾಯಿತು. "ಇದು ನಿಜವಾದ ಹಬೆ" ಅಂದರು.

ನಿಜವಾದ್ದೇ. ಇಲ್ಲಿರುವ ನಾಲ್ಕೂ ಎಂಜಿನ್ನುಗಳು ಫಿಲಡೆಲ್ಫಿಯಾದ ಬಾಲ್ಡ್‌ವಿನ್ ಕಾರ್ಖಾನೆಯಲ್ಲಿ 1916ರಿಂದ 1928ರ ನಡುವೆ ತಯಾರಾದವು. ಮೆಕ್ಸಿಕೊದ ಯುಕಟಾನ್‌ನಲ್ಲಿ ಜನ, ಸರಕು ಎಳೆದು ಸವೆದು, ಗುಜರಿ ಪಾಲಾಗಲಿದ್ದಾಗ 1969ರಲ್ಲಿ ಡಿಸ್ನಿಯವರು ಕೊಂಡು ತಂದು ಟ್ಯಾಂಪಾದ ಹಡಗುಕಟ್ಟೆಯಲ್ಲಿ ಮತ್ತೆ ಕಟ್ಟಿದರು. ಈಗ ಎಣ್ಣೆ ಉರಿಸಿ ಹಬೆ ಮಾಡುತ್ತಾರೆ. ಅಪ್ಪ ಹಳಿ ನೋಡಿಯೇ "ಮೀಟರ್‌ಗೇಜ್‌ಗಿಂತ ಒಂದು ಮೂರು ಇಂಚು ಕಮ್ಮಿ" ಅಂದರು. ಸರಿಯಾಗಿತ್ತು, ಇದು ಮೂರಡಿ ಗೇಜು. ಬಾಲ್ಡ್‌ವಿನ್ ಹೆಸರೂ ಅವರಿಗೆ ಹೊಸದಲ್ಲ. ಗುಂಡು ಮೂತಿಯ ಡಬ್ಲ್ಯುಪಿ ಎಂಜಿನ್ನುಗಳ ಮೊದಲ ತಂಡ 1947ರಲ್ಲಿ ಭಾರತಕ್ಕೆ ಬಂದದ್ದು ಅದೇ ಕಂಪನಿಯಿಂದ. ರೈಲು ಪಾರ್ಕನ್ನು ಸುತ್ತಿ ಬರಲು ಇಪ್ಪತ್ತು ನಿಮಿಷ ಬೇಕು, ನಡುವೆ ಎರಡು ನಿಲ್ದಾಣ. ನಾವು ಇಳಿಯಲೇ ಇಲ್ಲ. ಒಂದು ಸುತ್ತು ಮುಗಿದಾಗ ಪುಟ್ಟ "ಇನ್ನ" ಅಂದ, ಇನ್ನೊಂದು ಸುತ್ತು ಹೋದೆವು. ತಾತನ ತೊಡೆಯ ಮೇಲೆ ಕೂತು ಅವನೂ ಪ್ರತಿ ನಿಲ್ದಾಣದಲ್ಲಿ ಕೈಬೀಸುತ್ತಿದ್ದ. ಆ ಹೊತ್ತಿನಲ್ಲಿ ಬೇರೆ ನಾಲ್ಕು ರೈಡ್ ಮುಗಿಸಬಹುದಿತ್ತು ಎಂದು ಯಾರಾದರೂ ಲೆಕ್ಕ ಹೇಳಿದರೆ ನಾನು ಒಪ್ಪುವುದಿಲ್ಲ. ಅವತ್ತು ನಾವು ಬಂದದ್ದೇ ಇದಕ್ಕೆ.

ಆಮೇಲೆ ಡಂಬೋ ಆನೆಯಲ್ಲಿ ಕೂತು ಸುತ್ತುವ ಆಟ. ಅಲ್ಲಿನ ಸಾಲು ಮಕ್ಕಳ ತಾಯಂದಿರೇ ಯೋಚಿಸಿ ಮಾಡಿದ ಹಾಗಿದೆ. ಸರ್ಕಸ್ ಡೇರೆಯೊಳಗೆ ಜಾರುಬಂಡೆ, ಹತ್ತುವ ಏಣಿ ಇಟ್ಟಿದ್ದಾರೆ. ಮಕ್ಕಳು ಆಡುತ್ತಿರುತ್ತಾರೆ, ದೊಡ್ಡವರು ತಣ್ಣಗೆ ಕೂತಿರಬಹುದು. ಮಗಳಿಗೆ ಆನೆಗಿಂತ ಡೇರೆಯೇ ಇಷ್ಟವಾಯಿತು.

ಅಮ್ಮನಿಗೆ ಇಷ್ಟವಾದದ್ದು 'ಇಟ್ಸ್ ಎ ಸ್ಮಾಲ್ ವರ್ಲ್ಡ್'. ಮೊದಲು ಇದನ್ನು 1964ರ ನ್ಯೂಯಾರ್ಕ್ ವಿಶ್ವ ಮೇಳದಲ್ಲಿ ಯುನಿಸೆಫ್‌ಗಾಗಿ ಮಾಡಿದ್ದರು. ನಿಧಾನದ ದೋಣಿಯಲ್ಲಿ ಕೂತು ಸಾಗಿದರೆ ಎರಡೂ ಕಡೆ ದೇಶದೇಶದ ಮಕ್ಕಳ ಗೊಂಬೆಗಳು ಹಾಡುತ್ತ ಕುಣಿಯುತ್ತವೆ. ನಮ್ಮ ಮನೆಯಲ್ಲಿ ಅಮ್ಮ ಇಂದಿಗೂ ದಸರಾ ಗೊಂಬೆ ಕೂರಿಸುತ್ತಾಳೆ, ಪಟ್ಟದ ಗೊಂಬೆಯ ಸುತ್ತ ವರ್ಷಕ್ಕೊಂದು ಹೊಸದು ಸೇರುತ್ತ ಹೋಗುತ್ತದೆ. ಇಲ್ಲಿ ಒಂದೊಂದೇ ಮೆಟ್ಟಿಲು ನೋಡುವ ಹಾಗೆ ನೋಡಿದಳು. ಯಾವ ಗೊಂಬೆಯ ಲಂಗಕ್ಕೆ ಯಾವ ಬಣ್ಣ ಎಂದು ರಾತ್ರಿ ಊಟದ ಹೊತ್ತಿಗೂ ಹೇಳುತ್ತಿದ್ದಳು.

ಊಟದ ಬಗ್ಗೆ ಒಂದು ಮಾತು. ಇಲ್ಲಿ ಹೊರಗಿನ ತಿಂಡಿ ಒಳಗೆ ಬಿಡುತ್ತಾರೆ, ಗಾಜಿನ ಡಬ್ಬಿ ಮಾತ್ರ ಕೂಡದು. ಊಟದ ಕೌಂಟರುಗಳಲ್ಲಿ ಕೇಳಿದರೆ ಐಸ್ ನೀರು ಪುಕ್ಕಟೆ ಕೊಡುತ್ತಾರೆ. ಪ್ರತಿ ಪಾರ್ಕಿನಲ್ಲೂ ಎಳೆ ಮಕ್ಕಳಿಗೆಂದೇ ಒಂದು ಕೇಂದ್ರ ಇದೆ: ಹಾಲು ಕುಡಿಸಲು ಮರೆಯ ಕೋಣೆ, ಬಟ್ಟೆ ಬದಲಿಸುವ ಮೇಜು, ಊಟ ಬಿಸಿ ಮಾಡುವ ಅನುಕೂಲ, ಮಕ್ಕಳನ್ನು ಕೂರಿಸಿ ಉಣಿಸುವ ಕುರ್ಚಿ. ಕೋಟೆಯಿಂದ ನಾಲ್ಕು ಹೆಜ್ಜೆ ದೂರದಲ್ಲಿ, ಏಸಿಯ ತಂಪಿನಲ್ಲಿ ಪುಟ್ಟ ತುಪ್ಪ ಹಾಕಿದ ರಾಗಿ ಸರಿ ತಿಂದ. ದೊಡ್ಡವರಿಗೆ ಪುಳಿಯೋಗರೆ, ಮೊಸರನ್ನ. ಮೂರು ಗಂಟೆಗೆ ಮನೆಯಲ್ಲಿದ್ದೆವು.

ಮಂಗಳವಾರ

ಪಾರ್ಕು ಇಲ್ಲದ ದಿನ. ಬೆಳಿಗ್ಗೆ ಕೊಳದಲ್ಲಿ ಮಗಳು ಮೊದಲ ಬಾರಿ ಮುಖ ಮುಳುಗಿಸಿದಳು. ಸಂಜೆ ಡಿಸ್ನಿ ಸ್ಪ್ರಿಂಗ್ಸ್ ಎಂಬ ಅಂಗಡಿ ಬೀದಿಗೆ ಹೋದೆವು. ಅಲ್ಲಿ ಕಾರು ನಿಲ್ಲಿಸಲು ದುಡ್ಡಿಲ್ಲ, ಒಳಗೆ ಹೋಗಲೂ ಟಿಕೆಟ್ ಇಲ್ಲ. ಲೆಗೋ ಅಂಗಡಿಯ ಮುಂದೆ ನೀರಿನಲ್ಲಿ ಲೆಗೋ ಇಟ್ಟಿಗೆಗಳಲ್ಲೇ ಕಟ್ಟಿದ ದೊಡ್ಡ ಹಸಿರು ಸಮುದ್ರ ಸರ್ಪವಿದೆ. ಅಲ್ಲಿಂದ ಪೋರ್ಟ್ ಆರ್ಲಿಯನ್ಸ್ ಹೋಟೆಲಿನವರೆಗೆ ಹೊಳೆಯಲ್ಲಿ ದೋಣಿ ಓಡುತ್ತದೆ, ಅದೂ ಪುಕ್ಕಟೆ. ಮರಗಳ ನೆರಳಲ್ಲಿ, ಗದ್ದಲವಿಲ್ಲದೆ, ಆಮೆ ನೋಡುತ್ತ ಹೋಗಿ ಬಂದೆವು.

ಬುಧವಾರ

ಅನಿಮಲ್ ಕಿಂಗ್ಡಮ್ ನಾಲ್ಕು ಪಾರ್ಕುಗಳಲ್ಲಿ ಎಲ್ಲಕ್ಕಿಂತ ದೊಡ್ಡದು, ಕಿರಿಯದೂ ಹೌದು. 1998ರ ಏಪ್ರಿಲ್ 22, ಭೂಮಿ ದಿನದಂದು ತೆರೆದದ್ದು. ನಡಿಗೆ ಹೆಚ್ಚು. ಅಮ್ಮನಿಗಾಗಿ ಬಾಗಿಲಲ್ಲೇ ಗಾಲಿಕುರ್ಚಿ ಬಾಡಿಗೆಗೆ ತೆಗೆದುಕೊಂಡೆವು. "ನಾನೇನು ರೋಗಿಷ್ಠೆಯಾ" ಅಂದು ಮೊದಲು ಒಪ್ಪಲಿಲ್ಲ. ಮಗಳು "ಅಜ್ಜಿ, ನಾನು ತಳ್ತೀನಿ" ಅಂದ ಮೇಲೆ ಕೂತಳು. ನಮ್ಮ ಹಿರಿಯರು ನೋವು ನುಂಗಿಕೊಂಡು ನಡೆಯುವುದನ್ನೇ ಮರ್ಯಾದೆ ಅಂದುಕೊಂಡಿರುತ್ತಾರೆ. ಕುರ್ಚಿ ತೆಗೆದುಕೊಂಡರೆ ಅವರೂ ನಮ್ಮಷ್ಟೇ ನೋಡುತ್ತಾರೆ, ದಯವಿಟ್ಟು ಹಿಂಜರಿಯಬೇಡಿ.

ಸಫಾರಿಗೆ ಮೊದಲು ಹೋದೆವು. ತೆರೆದ ಲಾರಿಯಲ್ಲಿ ಇಪ್ಪತ್ತು ನಿಮಿಷ. ಬೇಲಿ ಎಲ್ಲೂ ಕಣ್ಣಿಗೆ ಬೀಳದ ಹಾಗೆ ಕಂದಕ, ನೀರು, ಬಂಡೆಗಳಲ್ಲೇ ಪ್ರಾಣಿಗಳನ್ನು ಬೇರೆ ಬೇರೆ ಇಟ್ಟಿದ್ದಾರೆ. ಹಾಗಾಗಿ ಸಿಂಹವೂ ಜಿಂಕೆಯೂ ಒಂದೇ ಬಯಲಲ್ಲಿ ಇರುವಂತೆ ಕಾಣುತ್ತದೆ. ಜಿರಾಫೆಯೊಂದು ದಾರಿಗೆ ಅಡ್ಡ ಬಂದು ನಿಂತಿತು. ಚಾಲಕಿ ಎಂಜಿನ್ ಆರಿಸಿ ಕಾದರು. ಅದರ ರೆಪ್ಪೆಕೂದಲು ಎಷ್ಟುದ್ದ ಎಂದು ಎಲ್ಲರೂ ಕಣ್ತುಂಬ ನೋಡಿದೆವು.

ಏಷ್ಯಾ ವಿಭಾಗಕ್ಕೆ ಬಂದರೆ ಊರಿನ ಹೆಸರು ಆನಂದಪುರ. ಡಿಸ್ನಿಯವರು ಕಲ್ಪಿಸಿದ ರಾಜ್ಯ ಅದು. ಶಿವಮೊಗ್ಗದಿಂದ ಸಾಗರಕ್ಕೆ ಹೋಗುವ ದಾರಿಯ ನಮ್ಮ ಆನಂದಪುರ ಅಪ್ಪನಿಗೆ ಡ್ಯೂಟಿ ಮಾಡಿದ ಸ್ಟೇಷನ್. ಬೋರ್ಡ್ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಹಳೆಯ ಸಹೋದ್ಯೋಗಿಗಳಿಗೆಲ್ಲ ಕಳಿಸಿದರು. ಅಲ್ಲಿನ ಪಾಳು ಅರಮನೆಯ ಕಮಾನಿನಡಿ ಸುಮಾತ್ರಾದ ಹುಲಿಗಳು ಮಲಗಿದ್ದವು. ಇನ್ನೊಂದು ಕಡೆ ತೋಳುದ್ದ ರೆಕ್ಕೆಯ ಬಾವಲಿಗಳು ತಲೆಕೆಳಗಾಗಿ ಜೋತುಬಿದ್ದು ಹಣ್ಣು ತಿನ್ನುತ್ತಿದ್ದವು. ಆಲದ ಮರದಲ್ಲಿ ಬಾವಲಿ ನೋಡಿ ಬೆಳೆದ ಅಮ್ಮ ಅವುಗಳ ಬಗ್ಗೆ ಹೇಳಿದ್ದನ್ನು ಮಗಳು ಬಾಯಿಬಿಟ್ಟು ಕೇಳಿದಳು. ಹಿಂದಿನಿಂದ ಯಾರೋ "ಲೋ, ಓಡಬೇಡ್ವೋ, ಬೀಳ್ತೀಯ" ಅಂದರು. ತುಮಕೂರಿನವರು, ಈಗ ಡಾಲಸ್‌ನಲ್ಲಿದ್ದಾರೆ. ಎರಡು ಮನೆಯ ಕೋಡುಬಳೆ, ನಿಪ್ಪಟ್ಟು ಅದಲುಬದಲಾದವು.

ಎವರೆಸ್ಟ್ ರೋಲರ್ ಕೋಸ್ಟರಿಗೆ 112 ಸೆಂ.ಮೀ. ಎತ್ತರ ಬೇಕು. ನಮ್ಮ ಮಕ್ಕಳನ್ನು ಅಜ್ಜಿ ತಾತ ನೋಡಿಕೊಂಡರು, ನಾನೂ ಇವರೂ ಹೋಗಿ ಬಂದೆವು. ದಂಪತಿ, ಮಕ್ಕಳು ಅಷ್ಟೇ ಬಂದಿದ್ದರೆ ರೈಡರ್ ಸ್ವಿಚ್ ಕೇಳಿ. ಒಬ್ಬರು ಸಾಲಿನಲ್ಲಿ ನಿಂತು ಆಡಿ ಬಂದರೆ, ಮಗುವಿನ ಜೊತೆ ಹೊರಗಿದ್ದ ಇನ್ನೊಬ್ಬರು ಮತ್ತೆ ಪೂರ್ತಿ ಸಾಲು ನಿಲ್ಲಬೇಕಿಲ್ಲ.

ಗುರುವಾರ

ಊಟ, ನಿದ್ದೆ ಮುಗಿಸಿ ಮೂರರ ಮೇಲೆ ಇನ್ನೊಂದು ಪಾರ್ಕು ಎಪ್ಕಾಟ್‌ಗೆ. ದಾರಿಯಲ್ಲೇ ಮಳೆ ಶುರುವಾಯಿತು, ಫ್ಲಾರಿಡಾದ ಮಧ್ಯಾಹ್ನದ ಗುಡುಗು ಮಳೆ. ಬಾಗಿಲಲ್ಲಿ 55 ಮೀಟರ್ ಎತ್ತರದ ಬೆಳ್ಳಿ ಬಣ್ಣದ ಗೋಳವಿದೆ, ಅದರಡಿ ನಿಂತೆವು. ಅಷ್ಟು ದೊಡ್ಡ ಗುಂಡಿನ ಮೇಲೆ ಸುರಿದ ನೀರು ಅಂಚಿನಿಂದ ಒಂದು ಹನಿಯೂ ಬೀಳುತ್ತಿಲ್ಲವಲ್ಲ ಎಂದು ಮೊದಲು ಗಮನಿಸಿದವರು ಅಪ್ಪ. ಹಲಗೆಗಳ ನಡುವಿನ ಸಂದಿನಿಂದ ನೀರನ್ನು ಒಳಗೆ ಎಳೆದುಕೊಂಡು, ಕೊಳವೆಗಳಲ್ಲಿ ಹಾಯಿಸಿ, ಪಾರ್ಕಿನ ಕೆರೆಗೆ ಬಿಡುತ್ತಾರೆ. 1982ರಲ್ಲೇ ಇಷ್ಟು ಯೋಚಿಸಿ ಕಟ್ಟಿದ್ದಾರೆ.

ಮಳೆಯ ದಿನ 'ಲಿವಿಂಗ್ ವಿತ್ ದ ಲ್ಯಾಂಡ್' ಹೇಳಿ ಮಾಡಿಸಿದ ಜಾಗ. ದೋಣಿಯಲ್ಲಿ ಕೂತು ನಿಜವಾದ ಹಸಿರುಮನೆಗಳ ನಡುವೆ ಹೋಗುವುದು. ಮಣ್ಣಿಲ್ಲದೆ ನೀರಲ್ಲಿ ಬೆಳೆದ ಸೊಪ್ಪು, ಬೇರು ಗಾಳಿಯಲ್ಲಿ ತೂಗಾಡುವ ಗಿಡ, ಚಪ್ಪರಕ್ಕೆ ಜೋತುಬಿದ್ದ ಕುಂಬಳ. ಇಲ್ಲಿ ಬೆಳೆದದ್ದು ಇಲ್ಲಿನ ಹೋಟೆಲುಗಳ ಅಡುಗೆಗೂ ಹೋಗುತ್ತದೆ. ಬಾಳೆ, ಪಪ್ಪಾಯ ಕಂಡಾಗ ಸುಮ್ಮನಿದ್ದ ಅಮ್ಮ ಮುಂದಿನ ಮರ ನೋಡಿ "ಅಯ್ಯೋ, ಹಲಸು!" ಎಂದು ಕೂಗಿಯೇಬಿಟ್ಟಳು. ಮುಂದಿನ ಸಾಲಿನ ಬಿಳಿಯ ಅಜ್ಜಿಯೊಬ್ಬರು ತಿರುಗಿ ನೋಡಿ, ಏನದು ಎಂದು ಕೇಳಿದರು. ಹಣ್ಣು, ಬೀಜದ ಹುಳಿ, ಹಪ್ಪಳ ಎಲ್ಲವನ್ನೂ ಅಮ್ಮ ಹೇಳಿದಳು, ನಾನು ಇಂಗ್ಲಿಷಿನಲ್ಲಿ ಒಪ್ಪಿಸುತ್ತ ಹೋದೆ. ದೋಣಿ ದಡಕ್ಕೆ ಬಂದರೂ ಮಾತು ಮುಗಿದಿರಲಿಲ್ಲ.

ಪಕ್ಕದ ಕಟ್ಟಡದಲ್ಲಿ 2 ಕೋಟಿ ಲೀಟರಿಗೂ ಮಿಕ್ಕಿದ ಉಪ್ಪುನೀರಿನ ತೊಟ್ಟಿ. ಶಾರ್ಕು, ಕಡಲಾಮೆ ಎಲ್ಲ ಇವೆ. ಪುಟ್ಟ ಮಾತ್ರ ಕಡಲಹಸುವಿನ ಗಾಜಿನ ಮುಂದೆ ಕೂತವನು ಏಳಲಿಲ್ಲ. ದಪ್ಪ ಮೈಯ, ಬೂದು ಬಣ್ಣದ, ಯಾವ ಅವಸರವೂ ಇಲ್ಲದ ಪ್ರಾಣಿ. ಎರಡು ರೆಕ್ಕೆಗಳಲ್ಲಿ ಲೆಟಿಸ್ ಹಿಡಿದು ನಿಧಾನವಾಗಿ ಮೆಲ್ಲುತ್ತದೆ. "ಅಂಬಾ ಮಮ್ಮು" ಎಂದು ಅವನೇ ಹೆಸರಿಟ್ಟ. ನಾವೆಲ್ಲ ನೆಲದ ಮೇಲೆ ಅವನ ಪಕ್ಕ ಕೂತೆವು. ಅವನಾಗಿ ಎದ್ದಾಗ ಎದ್ದೆವು.

ಕೆರೆಯ ಸುತ್ತ ಹನ್ನೊಂದು ದೇಶಗಳ ಮಂಟಪಗಳಿವೆ. ಭಾರತದ್ದು ಇಲ್ಲ, ಇರಬೇಕಿತ್ತು ಎಂದು ನನಗೆ ಬಲವಾಗಿ ಅನಿಸುತ್ತದೆ. ಜರ್ಮನಿಯ ಪಕ್ಕದ ಆಟಿಕೆ ರೈಲಿನ ಊರಿನ ಹತ್ತಿರ ತಾತ ಮೊಮ್ಮಗ ನಿಂತುಬಿಟ್ಟರು. ಉಳಿದ ದೇಶಗಳಿಗೆ ಹೊತ್ತಾಗಲಿಲ್ಲ.

ಶುಕ್ರವಾರ

ಸಂಜೆ ಐದಕ್ಕೆ ಮತ್ತೆ ಮ್ಯಾಜಿಕ್ ಕಿಂಗ್ಡಮ್. ಮಕ್ಕಳಿಗೆ ಗುರುತಿನ ಜಾಗಕ್ಕೆ ಮರಳುವ ಖುಷಿಯೇ ಬೇರೆ. ಮಗಳು ಅಜ್ಜಿಯ ಕೈ ಹಿಡಿದು ತಾನೇ ದಾರಿ ತೋರಿಸಿದಳು. ಪೀಪಲ್‌ಮೂವರ್ ಎಂಬ ಬಂಡಿ ಮೇಲಿನ ಹಾದಿಯಲ್ಲಿ ಹತ್ತು ನಿಮಿಷ ಸುತ್ತಿಸುತ್ತದೆ. ಬಂಡಿಯಲ್ಲಿ ಎಂಜಿನ್ ಇಲ್ಲ, ಹಳಿಯೊಳಗಿನ ವಿದ್ಯುತ್ಕಾಂತಗಳೇ ತಳ್ಳುತ್ತವೆ, 1975ರಿಂದಲೂ. ಗಾಳಿ ಬೀಸುತ್ತದೆ, ಕೂತೇ ಇರಬಹುದು. ಅಜ್ಜಿ ತಾತಂದಿರಿಗೆ ಇದಕ್ಕಿಂತ ಒಳ್ಳೆಯದಿಲ್ಲ.

ಏಳು ಕುಳ್ಳರ ಗಣಿ ರೈಲು ಎಂಬ ರೋಲರ್ ಕೋಸ್ಟರಿಗೆ 97 ಸೆಂ.ಮೀ. ಸಾಕು, ಮಗಳಿಗೆ ಆಗುತ್ತದೆ. ತಾನೇ ಬೇಕೆಂದಳು. ಮುಕ್ಕಾಲು ಗಂಟೆ ನಿಂತೆವು. ಬಂಡಿ ಎದುರಿಗೆ ಬಂದಾಗ ನನ್ನ ಕೈ ಬಿಗಿಯಾಗಿ ಹಿಡಿದು "ಅಮ್ಮ, ಬೇಡ" ಅಂದಳು. ಅಲ್ಲಿನ ಹುಡುಗಿ ನಗುತ್ತ ಪಕ್ಕದ ಬಾಗಿಲು ತೆರೆದಳು, ಆಚೆ ಬಂದೆವು. "ಸರಿ ಕಂದ, ದೊಡ್ಡವಳಾದ ಮೇಲೆ ನೋಡೋಣ" ಅಂದೆ. ಇಷ್ಟು ಹೊತ್ತು ನಿಂತದ್ದು ದಂಡ ಎಂದು ಮಗುವಿನ ಮುಂದೆ ಅನ್ನಬಾರದು. ಭಯ ಹೇಳಿಕೊಂಡರೆ ಅಮ್ಮ ಕೇಳುತ್ತಾಳೆ ಎಂಬುದು ಅವಳಿಗೆ ಗೊತ್ತಾಯಿತಲ್ಲ, ನನಗೆ ಅದು ಆ ರೈಡಿಗಿಂತ ಮುಖ್ಯ. ಅಲ್ಲಿಂದ ನೇರ ಕುದುರೆಗಳು ಸುತ್ತುವ ತಿರುಗಣಿಗೆ ಓಡಿದಳು, ಮೂರು ಸಲ ಸುತ್ತಿದಳು.

ಬಾಣಬಿರುಸನ್ನು ಕೋಟೆ ಎದುರಿನ ನೂಕುನುಗ್ಗಲಲ್ಲಿ ನಿಂತು ನೋಡಲಿಲ್ಲ. ಮೊದಲೇ ದೋಣಿ ಹತ್ತಿ ಆಚೆ ದಡಕ್ಕೆ ಬಂದು ಅಲ್ಲಿಂದ ನೋಡಿದೆವು. ಬಣ್ಣವೆಲ್ಲ ಕಾಣುತ್ತದೆ, ಸದ್ದು ಮೆತ್ತಗಾಗಿ ಬರುತ್ತದೆ, ಕಾರು ಅಲ್ಲೇ ಪಕ್ಕದಲ್ಲಿ. ಪುಟ್ಟ ಇವರ ಹೆಗಲ ಮೇಲೆ ನಿದ್ದೆಹೋಗಿದ್ದ.

ಶನಿವಾರ

ವಾಪಸು ದಾರಿ. ಅಮ್ಮ ಕಟ್ಟಿಕೊಟ್ಟ ಚಪಾತಿ, ಪಲ್ಯ ತಿಂದು, ಕಿತ್ತಳೆ ರಸದ ಕೇಂದ್ರ ಎದುರು ದಿಕ್ಕಿನಲ್ಲಿ ಹಿಂದೆ ಸರಿದದ್ದನ್ನು ನೋಡಿ, ಜಾರ್ಜಿಯಾ ಸೇರಿದೆವು. ಹಬೆ ರೈಲು ಈ ದೇಶದಲ್ಲಿ ಬೇರೆಲ್ಲಾದರೂ ಓಡುತ್ತದೆಯೇ ಎಂದು ಅಪ್ಪ ಅಳಿಯಂದಿರನ್ನು ಕೇಳಿದರು. ನಮ್ಮ ಮನೆಯಿಂದ ಎರಡು ಗಂಟೆ ದೂರದ ಚಟನೂಗಾದಲ್ಲೇ ಟೆನೆಸೀ ವ್ಯಾಲಿ ರೈಲು ಸಂಗ್ರಹಾಲಯವಿದೆ. ಅವರ ಬಳಿ 4501 ಎಂಬ ಎಂಜಿನ್ ಇದೆ, 1911ರದು, ಅದೂ ಬಾಲ್ಡ್‌ವಿನ್ ಕಾರ್ಖಾನೆಯದೇ. ಅಪ್ಪ ಊರಿಗೆ ಹೊರಡುವುದು ಜುಲೈ ಕೊನೆಗೆ. ಅಷ್ಟರೊಳಗೆ ಎಲ್ಲರೂ ಹೋಗಿ ಬರುವುದೆಂದು ಕಾರು ಮೇಕನ್ ಊರು ದಾಟುವ ಮೊದಲೇ ತೀರ್ಮಾನವಾಯಿತು.